ಹಾಡು ನಿಂತರೆ ಚಹಾ

ಕೋಟಿ ಹಾಡುಗಳ ಒಡೆಯರೂ ಅಂಗೈಯಗಲದ ಶರೀರದವರೂ ಆದ ಹೊಸ ಹಾಡಿನ ಡಬ್ಬಿಯವರ ಸನ್ನಿಧಿಗೆ ಕಕ್ಕೇರಾದ ದೇವಿಂದ್ರನ ಶರಣುಗಳು.

ಮಾನ್ಯರೇ,

ತಾವು ನನ್ನ ಮೆಣಸಿನಕಾಯಿ ಹೊಲಕ್ಕೆ ಪಾದ ಬೆಳೆಸಿದ ವಾರದೊಳಗೆ ಖರ್ಚಾದದ್ದು ಇಷ್ಟು: ಐದು ಕಿಲೋ ಸಕ್ಕರೆ, ಎರಡು ಪೊಟ್ಟಣ ಚಹಾಪುಡಿ, ನಮ್ಮ ಎಮ್ಮೆ ಕೊಟ್ಟ ಅಷ್ಟೂ ಹಾಲು, ಮತ್ತು ಬಿಡಿಸುವವರಿಲ್ಲದೆ ಗಿಡದಲ್ಲೇ ಒಣಗುತ್ತಿರುವ ಕೆಂಪುಗಾಯಿ. ತಮ್ಮ ತಿಂಗಳ ಚಂದಾ ಬೇರೆ.

ತಮಗೆ ತಿಳಿಯದಿರಬಹುದು, ಕಾಯಿ ಬಿಡಿಸಲು ಬರುವ ಮಸ್ತಾನಬಿಯ ಗುಂಪಿಗೆ ಒಂದು ಕಾಯ್ದೆ ಇದೆ. ಹೊಲದಲ್ಲಿ ಹಾಡು ನಡೆಯುವ ತನಕ ಹೆಣ್ಣುಮಕ್ಕಳ ಕೈ ನಿಲ್ಲುವುದಿಲ್ಲ. ಹಾಡು ನಿಂತರೆ ಚಹಾ. ಮೊದಲಿದ್ದ ಹಳೆಯ ಡಬ್ಬಿ, ಹಾಡು ತುಂಬಿದ ಕಾರ್ಡು ಸಿಕ್ಕಿಸಿಬಿಟ್ಟರೆ ಚಾರ್ಜು ಮುಗಿಯುವ ಮಧ್ಯಾಹ್ನದವರೆಗೆ ಬಾಯಿ ಮುಚ್ಚುತ್ತಿರಲಿಲ್ಲ, ಹೀಗಾಗಿ ಚಹಾ ಒಂದೇ ಸಲ. ತಮ್ಮ ಜಾಹೀರಾತು ನೋಡಿದ ಉಮೇದಿನಲ್ಲಿ ಅದನ್ನು ಪಕ್ಕದ ಹೊಲದ ಅಯ್ಯಣ್ಣನಿಗೆ ಪುಕ್ಕಟೆ ಕೊಟ್ಟುಬಿಟ್ಟೆ. ದೊಡ್ಡವರು ಬರುವಾಗ ಹಳಬರು ಜಾಗ ಬಿಡಬೇಕಲ್ಲವೇ?

ತಾವು ಹಾಡನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ, ಗಾಳಿಯಿಂದ ತರಿಸಿಕೊಳ್ಳುವ ಖಾನದಾನಿಗಳು ಎಂಬುದು ಮೊದಲ ದಿನವೇ ತಿಳಿಯಿತು. ನನ್ನ ಹೊಲವೋ ಕಾಲುವೆಯ ಕೆಳಗೆ ತಗ್ಗಿನಲ್ಲಿದೆ. ಸಿಗ್ನಲ್ಲೋ ಕಾಲುವೆ ಏರಿಯ ಮೇಲಷ್ಟೇ ಓಡಾಡಿಕೊಂಡಿರುತ್ತದೆ. ಅರ್ಧ ಪಲ್ಲವಿ ಹಾಡಿ ತಾವು ಪರದೆಯಲ್ಲಿ ಚಕ್ರ ತಿರುಗಿಸುತ್ತ ಧ್ಯಾನಕ್ಕೆ ಕೂತಿರಿ, ಹೆಣ್ಣುಮಕ್ಕಳು ಬೇವಿನ ನೆರಳಿಗೆ ಕೂತರು. ಇದೇನೆಂದು ಕೇಳಿದ್ದಕ್ಕೆ ಮಸ್ತಾನಬಿ, "ನಾವೆಲ್ಲಿ ನಿಂತೀವ್ರಿ ಅಣ್ಣಾ? ನಿಂತಿದ್ದು ನಿಮ್ಮ ಡಬ್ಬಿ. ಚಾ ಇಡ್ರಿ," ಅಂದಳು. ಕಾಯ್ದೆ ಅವಳ ಕಡೆಗಿತ್ತು, ಇಟ್ಟೆ. ತಾವು ಮತ್ತೊಂದು ಅರ್ಧ ಪಲ್ಲವಿ ಹಾಡಿದಿರಿ. ಮತ್ತೆ ಇಟ್ಟೆ.

ಹುಣಸಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ನೂರಾರು ಹಾಡು ತಮ್ಮೊಳಗೆ ಇಳಿಸಿಕೊಂಡು ತಂದೆ. ಹೊಲಕ್ಕೆ ಬಂದು ಗುಂಡಿ ಒತ್ತಿದರೆ, ಇಳಿಸಿದ ಹಾಡು ಕೇಳುವ ಮೊದಲು ಒಮ್ಮೆ ಇಂಟರ್‌ನೆಟ್ಟಿಗೆ ಬನ್ನಿ ಎಂದು ಅಪ್ಪಣೆಯಾಯಿತು. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟ ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಅಷ್ಟರಲ್ಲಿ ಒಡ್ಡಿನಾಚೆ ಅಯ್ಯಣ್ಣ ನನ್ನ ಹಳೆಯ ಡಬ್ಬಿ ಹಚ್ಚಿದ. ಅವನ ಹೊಲದ ಕಾಯಿಗೂ ಆಳು ಬೇಕಿತ್ತು. ಹೆಣ್ಣುಮಕ್ಕಳು ಲೋಟ ಕೆಳಗಿಟ್ಟು ಮಸ್ತಾನಬಿಯ ಮುಖ ನೋಡಿದರು. ಗುಂಪು ಒಡ್ಡು ದಾಟಿದರೆ ನನ್ನ ಬೆಳೆ ಹೋದಂತೆಯೇ. ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು, "ಯಾರ ಡಬ್ಬಿ ಅಂತ ಕಾಯ್ದ್ಯಾಗ ಇಲ್ಲ. ಹಾಡು ಕೇಳಸ್ತದಲ್ಲ, ಏಳ್ರಿ," ಅಂದಳು. ಎದ್ದು ನನ್ನ ಹೊಲಕ್ಕೇ ಇಳಿದರು. ಆದರೆ ಅಯ್ಯಣ್ಣನ ಹಾಡು ಕೇಳಿಸುವಷ್ಟು ಸಾಲು ಮಾತ್ರ ಬಿಡಿಸಿದರು. ಅದರಾಚೆಗೆ ಒಬ್ಬರೂ ಕಾಲಿಡಲಿಲ್ಲ.

ಆದ್ದರಿಂದ ಪ್ರಾರ್ಥನೆ: ತಾವು ಹಾಡಲೇಬೇಕೆಂಬ ಒತ್ತಾಯವಿಲ್ಲ. ನನ್ನ ಹೊಲವನ್ನು ಕಾಲುವೆ ಏರಿಯ ಮೇಲಕ್ಕೆ ಎತ್ತಿಡಿಸಿರಿ. ಅದಾಗದಿದ್ದರೆ ವಾಲ್ಯೂಮು ಇನ್ನಷ್ಟು ಏರಿಸುವಂತೆ ಅಯ್ಯಣ್ಣನಿಗೆ ತಾವೇ ಒಂದು ಮಾತು ಹೇಳಿರಿ, ನನಗೆ ಕೇಳಲು ಮುಖವಿಲ್ಲ.

ಸದ್ಯದ ಲೆಕ್ಕ: ಅಯ್ಯಣ್ಣನಿಗೆ ಡಬ್ಬಿ. ಮಸ್ತಾನಬಿಯವರಿಗೆ ಚಹಾ. ತಮಗೆ ಚಂದಾ. ನನಗೆ ಒಡ್ಡಿನ ಕಡೆಯ ಸಾಲುಗಳು.

ಸಿಗ್ನಲ್ ಇರುವಷ್ಟು ಹೊತ್ತು ತಮ್ಮ ವಿಶ್ವಾಸಿ,
ದೇವಿಂದ್ರ

ತಾ.ಕ.: ಈಗಷ್ಟೇ ತಮ್ಮನ್ನು ಏರಿಯ ಮೇಲಕ್ಕೆ ಹೊತ್ತೊಯ್ದಾಗ ಜೀವ ಬಂದು, 'ನೀವು ಇನ್ನೂ ಕೇಳುತ್ತಿದ್ದೀರಾ?' ಎಂದು ವಿಚಾರಿಸಿದಿರಿ. ಹೌದ್ರಿ, ಕೇಳಾಕತ್ತೇವಿ. ಅಯ್ಯಣ್ಣಂದು.