ಗಿರಣಿ ಮಾಮಾನ ಪಂಕ್ ರಾಕ್

ಇಂಗ್ಲೆಂಡಿನ ಯಾವ ಹುಡುಗರು ಹೊಸದಾಗಿ ಗಿಟಾರು ಹಿಡಿದು ಒದರುತ್ತಿದ್ದಾರೆ, ಆಸ್ಟ್ರೇಲಿಯಾದ ಯಾವ ತಂಡ ಎರಡನೇ ಆಲ್ಬಮ್ಮಿಗೇ ಕೆಟ್ಟುಹೋಯಿತು, ಇದೆಲ್ಲ ನಿಮಗೆ ಖಚಿತವಾಗಿ ಗೊತ್ತಾಗಬೇಕೆ? ಹಾಗಾದರೆ ಒಂದು ಡಬ್ಬಿ ಜೋಳ ಹಿಡಿದುಕೊಂಡು ಹಾನಗಲ್ಲಿಗೆ ಹೋಗಿ. ಪಂಕ್ ರಾಕ್ ವಿಷಯದಲ್ಲಿ ನಮ್ಮ ಸೀಮೆಗೆಲ್ಲ ಕೊನೆಯ ಮಾತು ಹೇಳುವವರು ಅಲ್ಲಿದ್ದಾರೆ. ಅವರು ನನ್ನ ಸೋದರಮಾವ. ವಯಸ್ಸು ಅರವತ್ತೆರಡು. ಉದ್ಯೋಗ ಹಿಟ್ಟಿನ ಗಿರಣಿ. ಇಂಗ್ಲಿಷು? ಬೆಲ್ಟು, ಮೋಟಾರು, ಫ್ಯೂಸು, ಇಷ್ಟು ಬರುತ್ತದೆ!

ಮೂಲ ಅಪರಾಧಿ ನಾನೇ. ಧಾರವಾಡದಲ್ಲಿ ಓದುತ್ತಿದ್ದಾಗ ಮೆಮೊರಿ ಕಾರ್ಡಿನಲ್ಲಿ ಇಂಥ ಹಾಡು ತುಂಬಿಕೊಂಡು ತಿರುಗುವ ಹುಚ್ಚು ನನಗಿತ್ತು. ಒಂದು ರಜೆಯಲ್ಲಿ ಆ ಕಾರ್ಡನ್ನು ಮಾಮಾನ ಮನೆಯಲ್ಲಿ ಮರೆತುಬಂದೆ. ತಿಂಗಳು ಬಿಟ್ಟು ಹೋದರೆ, ಗಿರಣಿಯ ಗೋಡೆಗೆ ಕಪ್ಪು ಸ್ಪೀಕರು ನೇತಾಡುತ್ತಿದೆ, ಅದರೊಳಗಿಂದ ಯಾವನೋ ಹುಡುಗ ಗಂಟಲು ಹರಿಯುವಂತೆ ಅರಚುತ್ತಿದ್ದಾನೆ, ಮಾಮಾ ಹಿಟ್ಟು ಮೆತ್ತಿದ ಹುಬ್ಬು ಕುಣಿಸುತ್ತ ಜೋಳ ಸುರಿಯುತ್ತಿದ್ದಾರೆ!

"ಮಾಮಾ, ಇದೇನ್ರಿ?"

"ಲೇ ಅಳಿಯಾ, ಇಪ್ಪತ್ತ ವರ್ಷ ಆತು, ಈ ಗಿರಣ್ಯಾಗ ಭಜನಿ ಹಚ್ಚಿದೆ, ನಾಟಕದ ಹಾಡ ಹಚ್ಚಿದೆ, ಶಹನಾಯಿ ಹಚ್ಚಿದೆ. ಒಂದೂ ಕೇಳಸ್ಲಿಲ್ಲ. ಗಿರಣಿ ಗದ್ದಲದಾಗ ಕೇಳಿಸಿದ್ದು ಇದೊಂದ!"

ನೋಡಿ, ಎಷ್ಟು ಸರಳ! ದೊಡ್ಡ ದೊಡ್ಡ ವಿಮರ್ಶಕರು ಪಂಕ್ ರಾಕ್ ಯಾಕೆ ಹುಟ್ಟಿತೆಂದು ಪುಸ್ತಕ ಬರೆದಿದ್ದಾರಂತೆ. ಅವರೆಲ್ಲ ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ನಿಂತಿದ್ದರೆ ಕಾಗದವಾದರೂ ಉಳಿಯುತ್ತಿತ್ತು.

ಆಮೇಲೆ ಕಾರ್ಡು ಹೋಗಿ ಫೋನು ಬಂತು. ಜಗತ್ತಿನ ಹೊಸ ಆಲ್ಬಮ್ಮುಗಳು ಶುಕ್ರವಾರವೇ ಬಿಡುಗಡೆಯಾಗುತ್ತವೆ ಎಂಬ ಗುಟ್ಟನ್ನೂ ನಾನೇ ಹೇಳಿಕೊಟ್ಟೆ. ಅಂದಿನಿಂದ ಶುಕ್ರವಾರ ಬೆಳಿಗ್ಗೆ ಜಳಕ ಮಾಡಿ, ಸ್ಪೀಕರಿಗೆ ಊದಿನಕಡ್ಡಿ ಬೆಳಗಿ, ಹೊಸ ಆಲ್ಬಮ್ಮು ಹಚ್ಚುವುದು ಮಾಮಾನ ಪದ್ಧತಿ. ಅತ್ತೆ ಹಣೆ ಬಡಿದುಕೊಳ್ಳುತ್ತಾರೆ. "ಶುಕ್ರಾರ ಮಂದಿ ಲಕ್ಷ್ಮೀಗೆ ಕೈ ಮುಗದ್ರ, ಇವ್ರು ಬಾಯಿ ಬಡಕರಿಗೆ ಮುಗೀತಾರ ನೋಡು!"

ಇನ್ನು ಮಾಮಾನ ವಿಮರ್ಶೆ. ಗಿರಣಿಯ ಮುಂದೆ ಒಂದು ಕರಿಹಲಗೆ ಇದೆ. ಮೇಲೆ 'ಇಂದು ಖಾರ ಕುಟ್ಟುವುದಿಲ್ಲ' ಎಂದಿದ್ದರೆ, ಅದರ ಕೆಳಗೇ ವಾರದ ಆಲ್ಬಮ್ಮಿನ ತೀರ್ಪು ಬರೆದಿರುತ್ತದೆ. ಚುಕ್ಕಿ, ಅಂಕ ಎಲ್ಲ ಅಲ್ಲಿ ನಡೆಯುವುದಿಲ್ಲ. ಮೂರೇ ದರ್ಜೆ: ನುಚ್ಚು, ರವಾ, ಮೈದಾ. ನುಚ್ಚು ಎಂದರೆ ಅತ್ಯುತ್ತಮ. ಒರಟು, ಹಲ್ಲಿಗೆ ಸಿಗುತ್ತದೆ, ಹೊಟ್ಟೆಗೆ ಆಧಾರ. ರವಾ ಎಂದರೆ ಪರವಾಗಿಲ್ಲ. ಮೈದಾ ಎಂದರೆ ಬೈಗುಳ!

ಅಮೆರಿಕದ ಒಂದು ಪ್ರಸಿದ್ಧ ತಂಡ ಹೋದ ವರ್ಷ ಪಿಟೀಲು, ಪಿಯಾನೋ ಎಲ್ಲ ಸೇರಿಸಿ ನುಣ್ಣಗೆ ಮಾಡಿದ ಆಲ್ಬಮ್ಮನ್ನು ಲೋಕವೆಲ್ಲ ಹೊಗಳಿತು. ಮಾಮಾ ಎರಡು ಹಾಡು ಕೇಳಿ ಬಂದ್ ಮಾಡಿದರು. "ಹೊಟ್ಟ ತಗದ ಬಿಟ್ಟಾರಲೇ! ಸತ್ವ ಇರೂದ ಹೊಟ್ಟಿನ್ಯಾಗ. ಮೈದಾ!" ನಾನು ಮನೆಗೆ ಬಂದು ಮತ್ತೊಮ್ಮೆ ಕೇಳಿದೆ. ಹೌದಲ್ಲ, ಮೈದಾನೇ!

ಅವರು ಮೆಚ್ಚಿದ್ದೆಂದರೆ ಸ್ಕಾಟ್ಲೆಂಡಿನ ಮೂರು ಹುಡುಗಿಯರ ಒಂದು ತಂಡ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕುಳಿತು ಮಾಡಿದ ಮೊದಲ ಆಲ್ಬಮ್ಮು, ಹನ್ನೆರಡು ಹಾಡು, ಇಪ್ಪತ್ತೆರಡು ನಿಮಿಷ. "ಒಂದ ಡಬ್ಬಿ ಜ್ವಾಳ ಬೀಸೂದ್ರಾಗ ಹನ್ನೆರಡೂ ಮುಗಿಸ್ತಾರ. ಹೇಳೂದ ಹೇಳಿ ಎದ್ದ ಹೊಕ್ಕಾರ, ಮರ್ಯಾದಸ್ತರು!" ಎಂದು ಕೊಂಡಾಡಿದರು. ಪಾಳಿಗೆ ಕುಳಿತ ಹೆಂಗಸರೂ ಗಡಿಯಾರ ನೋಡುವುದು ಬಿಟ್ಟು, "ಯಕ್ಕಾ, ಒಂಬತ್ತನೇದ್ದು ನಡದೈತಿ, ಡಬ್ಬಿ ಮುಂದ ತಾ" ಎನ್ನತೊಡಗಿದರು.

ಇಂಗ್ಲಿಷು ಬಾರದೆ ಅವರು ಹೇಳುವುದೇನು ತಿಳಿಯುತ್ತದೆ ಎಂದು ಮಾಮಾನನ್ನು ಒಮ್ಮೆ ಕೇಳಿದ್ದೆ. "ಸಿಟ್ಟಿಗೆದ್ದಾವ ಯಾವ ಭಾಷಾದಾಗ ಒದರಿದ್ರೂ ತಿಳೀತೈತಿ. ನಿಮ್ಮತ್ತಿನ್ನ ಕಟಗೊಂಡ ಇಷ್ಟ ವರ್ಷ ಆತು, ಅಷ್ಟೂ ತಿಳ್ಯಾಂಗಿಲ್ಲೇನು?"

ವಾದಕ್ಕೂ ಜನ ಬರುತ್ತಿದ್ದರು. ಸವಣೂರಿನಿಂದ ವೀಳ್ಯದೆಲೆ ತರುವ ಸಾಹೇಬರು ಕವ್ವಾಲಿ ಪ್ರಿಯರು. "ಹಾಡ ಅಂದ್ರ ನಮ್ಮ ಎಲಿ ಇದ್ದಂಗ ನಾಜೂಕ ಇರಬೇಕ್ರಿ" ಎಂದರು ಒಮ್ಮೆ. ಮಾಮಾ ಬಿಡುತ್ತಾರೆಯೇ? "ಮತ್ತ ಎಲಿಗೆ ಸುಣ್ಣ ಯಾಕ ಹಚ್ಚತೀರಿ ಸಾಹೇಬ್ರ? ಒಂದೀಟ ಚುರುಕ್ ಅನಬೇಕಲ್ಲ!" ಸಾಹೇಬರು ನಕ್ಕು, ಅಂದಿನಿಂದ ಎಲೆ ಇಳಿಸುವಾಗ "ಹೊಸಾ ಸುಣ್ಣ ಬಂತೇನ್ರಿ?" ಎಂದೇ ಕೇಳುತ್ತಾರೆ.

ಒಮ್ಮೆ ಮಾತ್ರ ದೊಡ್ಡ ಅವಾಂತರವಾಯಿತು. ಐರ್ಲೆಂಡಿನ ಒಬ್ಬ ಒದರುವ ಗಾಯಕ ಇದ್ದಕ್ಕಿದ್ದಂತೆ ಒಂಟಿ ಗಿಟಾರು ಹಿಡಿದು ಅಳುವ ಆಲ್ಬಮ್ಮು ಬಿಟ್ಟ. ಆ ದಿನ ಕರೆಂಟೂ ಇರಲಿಲ್ಲ. ಸ್ಪೀಕರಿಗೆ ಬ್ಯಾಟರಿ ಇತ್ತು. ಗಿರಣಿ ಬಂದ್, ಒಳಗೆ ಯಾರೋ ಅಳುತ್ತಿದ್ದಾರೆ, ಮಾಮಾ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾರೆ. ಓಣಿಯವರು ಏನು ತಿಳಿಯಬೇಕು? ಎದುರಿನ ಹೂವಿನ ಅಜ್ಜಿ ಮಾಲೆ ತಂದಳು. ಯಾರೋ ಹಿರೇಕೆರೂರಿನ ಬೀಗರಿಗೆ ಫೋನು ಮಾಡಿದರು. ಮಧ್ಯಾಹ್ನದ ಬಸ್ಸಿಗೆ ಬೀಗರು ಅಳುತ್ತ ಇಳಿದರೆ, ಅತ್ತೆ ಒಲೆಯ ಮುಂದೆ ನಿಂತು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾರೆ!

"ಯಾರ ಹ್ವಾದ್ರವ್ವಾ?"

"ಯಾರೂ ಹೋಗಿಲ್ರಿ. ಇವ್ರ ಗಾಯಕಗ ಸಿಟ್ಟ ಹೋಗೇತಂತ!"

ಇಂಥ ಮಾಮಾ ಈ ವರ್ಷ ವಿಚಿತ್ರ ತೀರ್ಪು ಕೊಡತೊಡಗಿದರು. ಕಿವಿಗೆ ಗಾಯವಾಗುವಂಥ ಒಂದು ಆಲ್ಬಮ್ಮಿಗೆ ಹಲಗೆಯ ಮೇಲೆ 'ಮೈದಾ' ಎಂದಿತ್ತು. "ಈಗಿನ ಹುಡುಗ್ರು ತಾಳ ಬಡಿಯೂದ ಬಿಟ್ಟಾರಲೇ. ಹಾಡಾವ ಬಾಯಾಗ ಅಕ್ಕಿ ಹಾಕ್ಕೊಂಡಂಗ ಹಾಡ್ತಾನ" ಎಂದು ಬೇಸರಪಟ್ಟರು. ನಾನು ಅದೇ ಹಾಡು ಕೇಳಿದ್ದೆ. ತಾಳ ಖಣಖಣ ಎನ್ನುತ್ತಿತ್ತು. ಅತ್ತೆಯನ್ನು ಒಳಗೆ ಕರೆದು, ಮಾಮಾನ ಕಿವಿ ತೋರಿಸಬೇಕು ಎಂದೆ.

ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಮೂವತ್ತು ವರ್ಷದ ಗಿರಣಿ ಸದ್ದು ಎರಡೂ ಕಿವಿ ತಿಂದಿದೆ ಎಂದರು. ತಾಳದಂಥ ಸಣ್ಣ ದನಿ ಮೊದಲು ಹೋಗುತ್ತದಂತೆ, ದಪ್ಪ ದನಿ ಕೊನೆಗೆ. ಕಿವಿಗೆ ಯಂತ್ರ ಹಾಕಿದರೆ ಮಾತು ಅಷ್ಟಿಷ್ಟು ತಿಳಿದೀತು, ಹಾಡು ಮೊದಲಿನಂತೆ ಕೇಳಿಸುವುದಿಲ್ಲ. ಗಿರಣಿಯಲ್ಲಿ ಸ್ಪೀಕರು ಹಚ್ಚುವುದಂತೂ ಕೂಡದು. ಬಸ್ಸಿನಲ್ಲಿ ಬರುವಾಗ ಮಾಮಾ ಒಂದೇ ಮಾತು ಕೇಳಿದರು: "ಅಳಿಯಾ, ಆ ಮೂರು ಹುಡುಗ್ಯಾರದು ಎರಡನೇದ್ದು ಯಾವಾಗ ಬರ್ತೈತಿ?"

ನಾಲ್ಕು ವರ್ಷದಿಂದ ಕಾಯುತ್ತಿದ್ದ ಆಲ್ಬಮ್ಮು. ಬರುವ ಶುಕ್ರವಾರವೇ ಇತ್ತು. ಮೂರು ಬೆರಳು ತೋರಿಸಿ, ಮೂರು ದಿನ ಎಂದೆ.

ಆ ಶುಕ್ರವಾರ, ನಾನು ಮಾಸ್ತರಾಗಿರುವ ಶಿಗ್ಗಾವಿಯ ಶಾಲೆಗೆ ರಜೆ ಹಾಕಿ ಹೋದೆ. ಕರೆಂಟು ಇತ್ತು. ಆದರೂ ಗಿರಣಿ ಬಂದ್! ಹಲಗೆಯ ಮೇಲೆ 'ಅರ್ಧ ತಾಸು ಗಿರಣಿ ಇಲ್ಲ' ಎಂದು ಬರೆದಿತ್ತು. ಪಾಳಿಯ ಹೆಂಗಸರು ಡಬ್ಬಿಗಳ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಸ್ಪೀಕರನ್ನು ಕೆಳಗಿಳಿಸಿ ಹಿಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಮಾಮಾ ಅದರ ಮೇಲೆ ಅಂಗೈ ಒತ್ತಿ ಕುಳಿತಿದ್ದರು. ಪಕ್ಕದಲ್ಲಿ ಯಾರು ಗೊತ್ತೇ? ಅತ್ತೆ!

"ಈಗ ತಾಳ ಬಡದ್ರು ನೋಡ್ರಿ!" ಅತ್ತೆ ಅವರ ಕಿವಿಗೆ ಬಾಯಿ ಹಚ್ಚಿ ಕೂಗುತ್ತಿದ್ದರು. "ಸಣ್ಣಾಕಿ ಒದರಾಕತ್ಲು. ದನಿ ಒಡದೈತಿ, ಆದ್ರೂ ಬಿಡವಲ್ಲಳು. ಇನ್ನೊಬ್ಬಾಕಿ ಕೂಡಿದ್ಲು. ಈಗ ಇಬ್ರೂ ಜಗಳಾಡಿದಂಗ... ನಿಂತ್ರು. ಎಲ್ಲಾರೂ ಒಮ್ಮೆಲೇ ನಿಂತ್ರು!"

ಹದಿಮೂರು ಹಾಡು. ಅತ್ತೆ ಒಂದನ್ನೂ ಬಿಡಲಿಲ್ಲ. ಕೊನೆಕೊನೆಗೆ ಅವರ ದನಿಯೂ ಒಡೆದಿತ್ತು. ಮಾಮಾ ಸ್ಪೀಕರನ್ನು ನೋಡುತ್ತಿರಲಿಲ್ಲ, ಅತ್ತೆಯ ಮುಖವನ್ನೇ ನೋಡುತ್ತಿದ್ದರು.

"ಹೆಂಗೈತಿ?" ಎಂದು ಕೇಳಿದರು, ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗನ ಹಾಗೆ.

ಇಷ್ಟು ವರ್ಷ ಹಣೆ ಬಡಿದುಕೊಂಡ ಅತ್ತೆ ಎದ್ದು, ಸೆರಗಿಗೆ ಕೈ ಒರೆಸಿ, ಸುಣ್ಣದ ಕಡ್ಡಿ ತೆಗೆದುಕೊಂಡರು. ಹಲಗೆಯ ಮೇಲೆ ದೊಡ್ಡದಾಗಿ 'ನುಚ್ಚು' ಎಂದು ಬರೆದರು. ತಿರುಗಿ, "ಹೊಟ್ಟ ತಗದಿಲ್ರಿ. ಎಲ್ಲಾ ಹಂಗ ಬಿಟ್ಟಾರ" ಎಂದರು.

ಮಾಮಾ ಹಲಗೆಯನ್ನು ಬಹಳ ಹೊತ್ತು ನೋಡಿದರು. ಕಣ್ಣು ತುಂಬಿದ್ದವು. "ನನಗೂ ಹಂಗ ಕೇಳಸ್ತ ನೋಡು" ಎಂದರು. "ಇನ್ನೊಮ್ಮೆ ಹಚ್ತಿಯೇನು?"

ಅತ್ತೆ ಪಾಳಿಯ ಕಡೆ ನೋಡಿದರು. ಮುಂದಿದ್ದ ಹೆಂಗಸು ತನ್ನ ಡಬ್ಬಿಯ ಮುಚ್ಚಳ ಮತ್ತೆ ಗಟ್ಟಿಯಾಗಿ ಮುಚ್ಚಿದಳು.

"ಹಚ್ಚಬೇ ಯಕ್ಕಾ. ನಮಗೇನ ಅವಸರಿಲ್ಲ."