ಕೊಟ್ಟ ಬಸಳೆ, ಕದ್ದ ಬಸಳೆ

ಆಗ ನನಗೆ ಇಪ್ಪತ್ತಾರು ವರ್ಷ. ಅದಾಗಿ ನಲವತ್ತು ವರ್ಷಕ್ಕೆ ಮೇಲಾಯಿತು. ನನ್ನನ್ನು ಕಳ್ಳಿ ಎಂದು ಕರೆದದ್ದು ಜೀವಮಾನದಲ್ಲಿ ಆ ಒಂದೇ ಸಲ; ಅದೂ ಹಾಡಹಗಲು, ಕುದ್ರೋಳಿಯ ನಮ್ಮ ಓಣಿಯಲ್ಲಿ, ಹೋಗುವವರು ಬರುವವರೆಲ್ಲ ಕೇಳುವ ಹಾಗೆ. ಕದ್ದದ್ದು ಬಸಳೆಯ ದಂಟು. ಚಿನ್ನವಾಗಿದ್ದರೆ ಹೇಳಿಕೊಳ್ಳಲು ಒಂದು ಗೌರವವಾದರೂ ಇರುತ್ತಿತ್ತು.

ಬೇಸಗೆಯ ಕೊನೆಗೆ ಪತ್ತನಾಜೆ ಕಳೆಯಿತೆಂದರೆ ನಮ್ಮ ಕಡೆ ಯಕ್ಷಗಾನದ ಆಟ, ಭೂತದ ಕೋಲ ಎಲ್ಲ ನಿಂತು ಗೆಜ್ಜೆಗಳು ಪೆಟ್ಟಿಗೆ ಸೇರುತ್ತವೆ. ಅಲ್ಲಿಂದ ಹಿತ್ತಿಲ ಕೆಲಸ ಶುರು. ಗಂಡಸರು ಆಕಾಶ ನೋಡಿ ಈ ಸಲ ಮಳೆ ಬೇಗ ಎನ್ನುತ್ತಾರೆ. ಅದು ಅವರ ಪಾಲಿನ ಕೆಲಸ. ಹೆಂಗಸರು ತರಗೆಲೆ ಗುಡಿಸಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಟ್ಟು ಹೊಗೆಯಲ್ಲಿ ಕೆಮ್ಮುತ್ತ ಸುಡುಮಣ್ಣು ಮಾಡಬೇಕು. ಅರಸಿನ, ಶುಂಠಿ ಊರಬೇಕು. ಅಡಿಗೆಕೋಣೆಯ ಗೋಡೆಗೆ ಸೆಗಣಿಯಲ್ಲಿ ಮೆತ್ತಿಟ್ಟ ಸೌತೆಬೀಜವನ್ನು ಕೆರೆದು ತೆಗೆದು ಬಿತ್ತಬೇಕು. ಚಪ್ಪರದ ಗೂಟಕ್ಕೆ ಗೆದ್ದಲು ಹಿಡಿದಿದೆಯೋ ಎಂದು ಅಲ್ಲಾಡಿಸಿ ನೋಡಬೇಕು. ಅಲ್ಲಾಡಿಸಿದರೆ ಅದು ಬೀಳುತ್ತದೆ, ಮತ್ತೆ ಹೊಸ ಗೂಟ ಹುಡುಕಬೇಕು. ಆದರೆ ಎಲ್ಲಕ್ಕಿಂತ ಮುಖ್ಯ ಬಸಳೆ. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಹಸಿ ಮೀನು ಕನಸು. ಒಣ ಸಿಗಡಿ ಹಾಕಿ ಬಸಳೆ ಬೇಯಿಸಿದರೆ ಅದೇ ನಮಗೆ ಹಬ್ಬ. ಚಪ್ಪರದಲ್ಲಿ ಬಸಳೆ ಇಲ್ಲದ ಮನೆಯವರು ಮಳೆ ಜೋರಾದ ಆಟಿ ತಿಂಗಳು ಪೂರ್ತಿ ಹುರುಳಿ ಸಾರು ಉಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ನನ್ನ ಅತ್ತೆಯ ಮುಖವನ್ನು ಅಷ್ಟು ಹೊತ್ತು ನೋಡುವುದು ನನ್ನಿಂದ ಆಗುವ ಕೆಲಸವಲ್ಲ. ನನ್ನ ಮುಖದ ವಿಷಯದಲ್ಲಿ ಅವರೂ ಹಾಗೆಯೇ ಹೇಳುತ್ತಿದ್ದರು.

ಆ ವರ್ಷ ನಮ್ಮ ಬಸಳೆಯನ್ನು ನೆರೆಮನೆಯ ಐಸಮ್ಮನ ಆಡು ತಿಂದಿತು, ಬುಡಸಮೇತ. ಐಸಮ್ಮ ತಾನಾಗಿಯೇ ಬೇಲಿಯ ಹತ್ತಿರ ಬಂದಳು. “ಕಲ್ಯಾಣಿಯಕ್ಕ, ನನ್ನ ಚಪ್ಪರದ್ದು ಎಷ್ಟು ಬೇಕೋ ಅಷ್ಟು ತಕ್ಕೊಂಡು ಹೋಗಿ ನೆಡಿ ಮಾರಾಯ್ರೆ. ಆಡಿಗೆ ಎಂತ ಬುದ್ಧಿ ಉಂಟು?”

ನಾನು ಸರಿ ಎನ್ನುವುದರೊಳಗೆ ಜಗಲಿಯಿಂದ ಅತ್ತೆಯ ಸ್ವರ ಬಂತು. “ಬೇಡ. ಕೊಟ್ಟ ಬಸಳೆ ಬೇರು ಹಿಡಿಯುದಿಲ್ಲ. ಕದ್ದು ತಂದದ್ದೇ ಆಗ್ಬೇಕು.”

“ಆಡು ಕದ್ದೇ ತಿಂದದ್ದಲ್ವಾ ಮಾಮಿ? ಹಾಗಾದ್ರೆ ಅದರ ಹೊಟ್ಟೆಗೇ ಒಂದು ಚಪ್ಪರ ಹಾಕುವ” ಎಂದೆ.

“ನಿನ್ನ ಬಾಯಿಗೆ ಮೊದಲು ಸುಡುಮಣ್ಣು ಹಾಕ್ಬೇಕು” ಎಂದರು ಅತ್ತೆ.

ಅದಕ್ಕೆ ಎರಡು ವರ್ಷ ಮುಂಚೆ ನನ್ನ ತವರಿನಿಂದ ಕೇಳಿ ತಂದ ದಂಟು ಮಳೆ ಹೆಚ್ಚಾಗಿ ಕೊಳೆತುಹೋಗಿತ್ತು. ತವರಿನವರು ಕೊಟ್ಟದ್ದೇ ಅದಕ್ಕೆ ಕಾರಣವೆಂದು ಅತ್ತೆ ಹುರುಳಿ ಸಾರಿನ ಪ್ರತಿ ತುತ್ತಿಗೂ ಹೇಳಿದ್ದರು. ಇನ್ನೊಂದು ಮಳೆಗಾಲ ಅದನ್ನು ಕೇಳುವುದಕ್ಕಿಂತ ಕಳ್ಳತನವೇ ಸುಖ ಎಂದು ನನಗೂ ಅನಿಸಿತು.

ಐಸಮ್ಮನಿಗೆ ಇದು ವಿಚಿತ್ರವೆನಿಸಲೇ ಇಲ್ಲ. “ಹೌದಲ್ಲ, ನಮ್ಮಲ್ಲೂ ಹಾಗೇ ಹೇಳ್ತಾರೆ. ನಾಳೆ ಮಧ್ಯಾಹ್ನ ಕಳೆದು ಅಸರ್ ನಮಾಜಿಗೆ ನಾನು ಒಳಗೆ ಇರ್ತೇನೆ, ಇವರು ಬಂದರಿನ ಅಂಗಡಿಯಲ್ಲಿ. ನೀವು ಬಂದು ಕದ್ದುಕೊಳ್ಳಿ. ಕತ್ತಿ ಚಪ್ಪರದ ಬುಡದಲ್ಲೇ ಇಟ್ಟಿರ್ತೇನೆ.”

“ಕತ್ತಿಯೂ ನೀವೇ ಕೊಟ್ರೆ ಅದೆಂತ ಕಳ್ಳತನ?”

ಐಸಮ್ಮ ಸ್ವಲ್ಪ ಯೋಚಿಸಿದಳು. “ಹಾಗಾದ್ರೆ ಕತ್ತಿ ನೀವೇ ತನ್ನಿ.”

ಮರುದಿನ ಬೇಲಿ ನುಸುಳಿದೆ. ನಾಲ್ಕು ದಂಟು ಕೊಯ್ದು ಸೆರಗಿಗೆ ಸುತ್ತಿಕೊಂಡಾಗ ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಆ ಮೋಡ ಕಂಡು ಐಸಮ್ಮನ ಗಂಡ ಇದಿನಬ್ಬಾಕ ಕೊಡೆಗೆಂದು ಅಂಗಡಿಯಿಂದ ಮನೆಗೆ ಬಂದರು. ಬಂದವರಿಗೆ ಚಪ್ಪರದ ಅಡಿಯಲ್ಲಿ ಕತ್ತಿ ಹಿಡಿದ ಹೆಂಗಸು ಕಂಡಳು.

“ಯಾರದು? ಕಳ್ಳಿ! ಕಳ್ಳಿ!”

ಓಣಿಯವರು ಸೇರಿದರು. ಮೀನು ಮಾರಿ ಮರಳುತ್ತಿದ್ದವಳೊಬ್ಬಳು ಬುಟ್ಟಿ ಇಳಿಸಿ ಆರಾಮವಾಗಿ ನಿಂತಳು. ನಾನು ತಿರುಗಿದಾಗ ಇದಿನಬ್ಬಾಕನ ಮುಖ ನನ್ನದಕ್ಕಿಂತ ಹೆಚ್ಚು ಬಾಡಿತು. “ಕಲ್ಯಾಣಿಯಕ್ಕ? ನೀವಾ?”

“ಬಸಳೆ ಕದಿಯುವಷ್ಟು ಬಡತನ ಬಂತಾ ಇವರಿಗೆ?” ಎಂದಳು ಮೀನಿನವಳು.

ನಿಮ್ಮ ಹೆಂಡತಿಯೇ ಕದಿಯಲು ಹೇಳಿದ್ದು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಐಸಮ್ಮ ಬಂದು ಬಿಡಿಸುವ ಹಾಗಿಲ್ಲ, ನಮಾಜಿನ ನಡುವೆ ಏಳಬಾರದು. ಬೇಲಿಯಾಚೆ ಅತ್ತೆ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. ಬಾಯಿ ಬಿಟ್ಟರೆ ನನ್ನ ಮಾನ ಉಳಿಯುತ್ತದೆ, ಆದರೆ ಕದ್ದದ್ದು ಕೊಟ್ಟದ್ದಾಗುತ್ತದೆ, ಬಸಳೆ ಕೆಡುತ್ತದೆ. ಮದುವೆಯ ದಿನ ಬಿಟ್ಟರೆ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿ ನಿಂತದ್ದು ಆಗಲೇ.

“ಹೌದು. ಕದ್ದೆ” ಎಂದೆ ಕೊನೆಗೆ.

ಅತ್ತೆಯ ಮುಖ ಅರಳಿತು. ಸೊಸೆ ಕಳ್ಳಿಯೆಂದು ಅಷ್ಟು ಸಂತೋಷಪಟ್ಟ ಅತ್ತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟರಲ್ಲಿ ನಮಾಜು ಮುಗಿಸಿ ಐಸಮ್ಮ ಬಾಗಿಲಿಗೆ ಬಂದಳು. ತಾನೇ ಹೇಳಿದ್ದೆಂದು ಅವಳೂ ಹೇಳುವ ಹಾಗಿಲ್ಲ. “ಕದ್ದರೆ ಕದ್ದುಕೊಳ್ಳಲಿ, ಬಿಡಿ ನೀವು!” ಎಂದು ಗಂಡನ ಮೇಲೆ ರೇಗಿ, ತಲೆಯ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಇದಿನಬ್ಬಾಕ ತಿಳಿದರು. ಒಳ್ಳೆಯ ಮನುಷ್ಯ, ಕರಗಿಬಿಟ್ಟರು. “ಕೇಳಿದ್ರೆ ಆಗ್ತಿರ್ಲಿಲ್ವಾ ಅಕ್ಕ? ನೆರೆಕರೆ ಅಂತ ನಾವು ಇರುದು ಯಾಕೆ?” ಎಂದು ನನ್ನ ಕೈಯ ಕತ್ತಿಯನ್ನೇ ತೆಗೆದುಕೊಂಡು ಒಂದು ತೋಳು ತುಂಬ ದಂಟು ಕೊಯ್ದರು, ನನ್ನ ಸೆರಗಿನಲ್ಲಿದ್ದದ್ದನ್ನೂ ಸೇರಿಸಿ, ಒಟ್ಟಿಗೆ ಕಟ್ಟಿ, ಕೈಗೆ ಕೊಟ್ಟರು.

“ಅಯ್ಯಯ್ಯೋ!” ಎಂದರು ಬೇಲಿಯಾಚೆಯಿಂದ ಅತ್ತೆ.

“ಪರವಾಗಿಲ್ಲಮ್ಮ, ಇಷ್ಟಕ್ಕೆಲ್ಲ ಎಂತ ಉಪಕಾರ” ಎಂದರು ಇದಿನಬ್ಬಾಕ.

ಮನೆಗೆ ತಂದು ಕಟ್ಟು ಬಿಚ್ಚಿ ಹರಡಿದೆವು. ಕದ್ದದ್ದು ಯಾವುದು, ಕೊಟ್ಟದ್ದು ಯಾವುದು? ಅತ್ತೆ ಒಂದೊಂದನ್ನೇ ಎತ್ತಿ ಮೂಸಿ ನೋಡಿದರು. ಬಸಳೆಗೆ ಬಸಳೆಯದ್ದೇ ವಾಸನೆ. “ಎಲ್ಲ ಹೋಯ್ತು. ಈ ಮಳೆಗಾಲವೂ ಹುರುಳಿಯೇ” ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಸಂಜೆ ಹಂಚಿನ ಕಾರ್ಖಾನೆಯಿಂದ ಬಂದ ನಮ್ಮ ಯಜಮಾನರು ಓಣಿಯ ತುದಿಯಲ್ಲೇ ಸುದ್ದಿ ಕೇಳಿಕೊಂಡು ಬಂದಿದ್ದರು. “ಬಸಳೆ ಕದ್ದೆಯಂತೆ?” ಎಂದರು. “ಹೂಂ” ಎಂದೆ. “ಊಟಕ್ಕೆ ಅದರ ಪದಾರ್ಥ ಆಯ್ತಾ?” ಎಂದರು.

ಆಗಲಿಲ್ಲ, ಮಾಡಲೂ ಇಲ್ಲ. ಊರಿಗೆಲ್ಲ ಕಳ್ಳಿ ಎನಿಸಿಕೊಂಡ ಮೇಲೂ ಚಪ್ಪರ ಬೋಳು, ಹುರುಳಿಯೂ ತಪ್ಪಲಿಲ್ಲ ಎಂದರೆ ನನಗೆ ಒಪ್ಪಿಗೆಯಾಗುವ ಮಾತಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ಆ ಕಟ್ಟನ್ನು ಹೊತ್ತುಕೊಂಡು ಬೇಲಿಗೆ ಹೋದೆ. “ಐಸಮ್ಮ, ನಿಮ್ಮದು ನಿಮಗೆ. ನಮಗೆ ಬೇಡ” ಎಂದು ಅವಳ ಕೈಗೇ ಕೊಟ್ಟೆ. ಅವಳು ಕಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. “ಇವರು ಅಂಗಡಿಗೆ ಹೋದ್ರು. ಕೊಡೆಯೂ ತಕ್ಕೊಂಡೇ ಹೋದ್ರು” ಎಂದು, ಕಟ್ಟನ್ನು ತನ್ನ ಕಡೆಯ ಬೇಲಿಗೂಟಕ್ಕೆ ಸಿಕ್ಕಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕದ್ದ ಬಸಳೆಯ ಈ ಮಾತಿನಲ್ಲಿ ನನಗೆ ಅಂದೂ ನಂಬಿಕೆ ಇರಲಿಲ್ಲ, ಇಂದೂ ಇಲ್ಲ. ಓಣಿಯ ಆ ತುದಿ ನೋಡಿದೆ, ಈ ತುದಿ ನೋಡಿದೆ. ಕಂಡದ್ದು ಆಡು ಒಂದೇ. ಈ ಕಸುಬಿನಲ್ಲಿ ಅದು ನನಗಿಂತ ಹಿರಿಯದು. ಉಸಿರು ಬಿಗಿಹಿಡಿದು ಕಟ್ಟನ್ನು ಎಳೆದುಕೊಂಡೆ, ಸೆರಗಿನಡಿ ಮುಚ್ಚಿದೆ, ನಮ್ಮ ಹಿತ್ತಿಲಿಗೆ ಬಂದು ಮುಟ್ಟುವವರೆಗೂ ಓಡಿದೆ.