ಮಾವನ ಎರಡನೇ ಮನೆ

ನಮ್ಮ ಸೋದರಮಾವನಿಗೆ ಎರಡು ಮನೆ. ಒಂದು ಮದ್ದೂರಿನ ಪೇಟೆಯಲ್ಲಿ, ಇನ್ನೊಂದು ಅವರು ನಿಲ್ಲಿಸಿದ ಕಡೆ. ಎರಡನೇ ಮನೆ ಅಂದ ಕೂಡಲೇ ಕೆಲವರ ಹುಬ್ಬು ಮೇಲೇರುತ್ತದೆ, ಗೊತ್ತು! ದಯವಿಟ್ಟು ಇಳಿಸಿ. ಆ ಮನೆಗೂ ಯಜಮಾನಿ ನಮ್ಮ ಅತ್ತೆಯೇ. ವ್ಯತ್ಯಾಸ ಇಷ್ಟೇ, ಅದಕ್ಕೆ ಆರು ಚಕ್ರ ಇವೆ.

ಹುಟ್ಟುವಾಗ ಅದು ಮನೆಯಾಗಿರಲಿಲ್ಲ. ಕಬ್ಬು, ಬೆಲ್ಲ, ಇಟ್ಟಿಗೆ, ಮದುವೆಮನೆಯ ಪಾತ್ರೆ, ಹೀಗೆ ಸಿಕ್ಕಿದ್ದನ್ನೆಲ್ಲ ಹೊತ್ತು ಮಂಡ್ಯ ಸೀಮೆಯ ಗುಂಡಿಗಳನ್ನೆಲ್ಲ ಪರಿಚಯ ಮಾಡಿಕೊಂಡಿದ್ದ ಲಾರಿ. ಮಾವನೇ ಮಾಲೀಕರು, ಮಾವನೇ ಡ್ರೈವರು. ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ ಮಲಗಿದರೆ ಸರಿ, ತುಸು ಹೊತ್ತು ನಿಂತರೂ ಸರಿ, ಕೂತರೆ ಮಾತ್ರ ಪ್ರಾಣ ಹೋಗುವ ನೋವು. ಬಸ್ಸೂ ಆಗದು, ಕಾರೂ ಆಗದು. ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ ಅವರ ಅಕ್ಕ ಇದ್ದಾರೆ, ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವರು. ಅವರಿಗೋ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾರರು. ಒಂದು ಗಂಟೆಯ ದಾರಿ, ಆದರೂ ಅಕ್ಕತಂಗಿಯರು ಮುಖ ನೋಡಿ ವರ್ಷಗಳೇ ಆಗಿದ್ದವು. ಅಕ್ಕನನ್ನು ಒಮ್ಮೆ ನೋಡಬೇಕು ಅನ್ನುವುದು ಬಿಟ್ಟರೆ ಅತ್ತೆಗೆ ಬೇರೆ ಆಸೆಯೇ ಇರಲಿಲ್ಲ.

ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಹೋಗಬಹುದಲ್ಲ ಎಂದು ನಾನು ದೊಡ್ಡ ಬುದ್ಧಿವಂತನ ಹಾಗೆ ಹೇಳಿದೆ.

"ಅಯ್ಯೋ ಬುಡಪ್ಪ," ಅಂದರು ಅತ್ತೆ. "ಅದು ಊರೊಳಕ್ ಬಂದ್ರೆ ನಾನ್ ಇಳಿಯೋಕ್ ಮುಂಚೇನೇ ನಮ್ಮಕ್ಕ ಎದೆ ಬಡ್ಕಂಡ್ ಅಳಾಕ್ ಸುರು ಮಾಡ್ತಾಳೆ. ಬದುಕಿವ್ನಿ ಅಂತ ಆಮ್ಯಾಕೆ ಅವಳ್ನ ಒಪ್ಸೋರ್ಯಾರು?"

ಸರಿ, ಮಾವ ಲಾರಿಯ ಹಿಂದೆ ಹಾಸಿಗೆ ಹಾಸಿ, ಅತ್ತೆಯನ್ನು ಮಲಗಿಸಿ, ನನ್ನನ್ನು ಪಕ್ಕದಲ್ಲಿ ಕಾವಲಿಗೆ ಕೂರಿಸಿ ಹೊರಟೇಬಿಟ್ಟರು. ಮಳವಳ್ಳಿ ರಸ್ತೆಯಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದ.

"ಏನ್ ಯಜಮಾನ್ರೇ ಇದು? ಸರಕು ಸಾಗ್ಸೋ ಗಾಡೀಲಿ ಜನ ಸಾಗಿಸಂಗಿಲ್ಲ ಅಂತ ಗೊತ್ತಿಲ್ವಾ?"

ಹಾಸಿಗೆಯಿಂದ ಅತ್ತೆಯ ದನಿ ಬಂತು: "ನನ್ನ ಒಂದ್ ಬೆಲ್ಲದ ಮೂಟೆ ಅಂದ್ಕಂಡ್ ಬುಟ್ಬುಡಿ ಸ್ವಾಮಿ."

ಪೊಲೀಸಪ್ಪನಿಗೆ ನಗು ತಡೆಯಲಾಗಲಿಲ್ಲ. ಹೋಗಿ ಎಂದು ಕೈಸನ್ನೆ ಮಾಡಿದ. ನೀವಾಗಿದ್ದರೆ, ನಾನಾಗಿದ್ದರೆ ಏನು ಮಾಡುತ್ತಿದ್ದೆವು? ಗೇರು ಹಾಕಿ ಪರಾರಿ! ಮಾವ ಕೆಳಗಿಳಿದರು. "ನಮ್ ಎಂಡ್ರು ಮೂಟೆ ಅಲ್ಲ ಕಣ್ ಸ್ವಾಮಿ," ಅಂದರು. ಹತ್ತಿದರು, ಲಾರಿಯನ್ನು ಮದ್ದೂರಿನ ಕಡೆಗೇ ತಿರುಗಿಸಿದರು. ಅತ್ತೆ ಮನೆ ಮುಟ್ಟುವ ತನಕ ಗಂಡನ ವಂಶವನ್ನೆಲ್ಲ ಜಾಲಾಡಿದರು. ಪಕ್ಕದಲ್ಲಿ ಕೂತಿದ್ದ ನನಗೂ ಒಂದು ಪಾಲು ಸಿಕ್ಕಿತು, ನಾನೂ ಅದೇ ವಂಶದ ಹೆಣ್ಣುಮಗಳ ಮಗನಲ್ಲವೇ.

ಮರುದಿನವೇ ಮಾವ ಮಂಡ್ಯದ ಆರ್‌ಟಿಓ ಕಚೇರಿಗೆ ಹೊರಟರು. ಸರಕು ಗಾಡಿ ಅನ್ನುವ ಹೆಸರನ್ನೇ ಅಳಿಸಬೇಕಂತೆ. ವಿಚಾರಿಸಿದರೆ ಉಂಡು, ಮಲಗಿ, ಊರೂರು ಸುತ್ತುವ ಗಾಡಿಗೂ ಸರ್ಕಾರದಲ್ಲಿ ಒಂದು ಜಾತಿ ಇದೆಯೆಂದು ತಿಳಿಯಿತು, ಕ್ಯಾಂಪರ್ ವ್ಯಾನು. ಗುಮಾಸ್ತರು ಕನ್ನಡಕ ಮೇಲೆ ಸರಿಸಿ, "ದುಡಿಯೋ ಗಾಡಿ. ಯಾಕ್ರೀ ಸುಮ್ನೆ ಕೂರಿಸ್ತೀರಿ?" ಅಂದರು.

"ಕೂರ್ಸಾಕಲ್ಲ ಸ್ವಾಮಿ, ಮಲಗ್ಸಾಕೆ," ಅಂದರು ಮಾವ.

ಒಪ್ಪಿಗೆ ಸಿಕ್ಕಿದ ಮೇಲೆ ಲಾರಿ ಬಾಡಿ ಕಟ್ಟುವ ಭಾಯಿಯ ಶೆಡ್ಡಿಗೆ ಹೋಯಿತು. ಭಾಯಿ ಮದ್ದೂರಿನ ಅರ್ಧ ಲಾರಿಗಳಿಗೆ ಮೈ ಕೊಟ್ಟವರು. ಮಂಚ, ಒಲೆ, ಮಡಚುವ ಮೇಜು, ಮೂಲೆಯಲ್ಲಿ ಪುಟ್ಟ ಕಕ್ಕಸು, ಎಲ್ಲ ಅಚ್ಚುಕಟ್ಟು. ಆದರೆ ಮಂಚದ ಸುತ್ತ ದಪ್ಪ ದಪ್ಪ ಕಬ್ಬಿಣದ ಕೊಂಡಿಗಳು!

"ಇವ್ಯಾಕ್ ಭಾಯಿ?" ಅಂದೆ.

"ಹಗ್ಗ ಬಿಗಿಯಾಕೆ. ಲೋಡು ಅಲ್ಲಾಡ್ಬಾರ್ದಲ್ಲ," ಅಂದವರು ನಾಲಗೆ ಕಚ್ಚಿಕೊಂಡರು. ಕೈಗೆ ಅಂಟಿದ ಅಭ್ಯಾಸ, ಪಾಪ. ಮಾವನ ಮುಖ ಕೆಂಪಾಗುವುದರೊಳಗೆ ಅತ್ತೆ, ಎಲಡಿಕೆ ಚೀಲ ನೇತುಹಾಕಲು ಚೆನ್ನಾಗಿದೆ ಎಂದು ತೀರ್ಪು ಕೊಟ್ಟು ಭಾಯಿಯನ್ನು ಉಳಿಸಿದರು.

ತಪಾಸಣೆಗೆಂದು ಲಾರಿಯನ್ನು ಆರ್‌ಟಿಓ ಕಚೇರಿಗೆ ಒಯ್ದಾಗ ಬ್ರೇಕ್ ಇನ್ಸ್‌ಪೆಕ್ಟರು ಬಂದರು. ಮಂಚ ತಟ್ಟಿದರು, ನಲ್ಲಿ ತಿರುಗಿಸಿದರು. "ಒಲೆ ಉರಿಯುತ್ತೇನ್ರೀ, ಇಲ್ಲಾ ಶೋಕಿಗೆ ಇಟ್ಟಿದ್ದೀರಾ?" ಅಂದರು. ಮಾವ ಒಲೆ ಹೊತ್ತಿಸಿದರು. ಎಸರಿಟ್ಟರು. ಕಚೇರಿಯ ಅಂಗಳದಲ್ಲೇ ಮುದ್ದೆ ತೊಳಸಿ, ಮನೆಯಿಂದ ತಂದಿದ್ದ ಬಸ್ಸಾರು ಬಿಸಿ ಮಾಡಿ ಮೇಜಿನ ಮೇಲೆ ಇಟ್ಟರು. ಘಮಕ್ಕೆ ಕಚೇರಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಇನ್ಸ್‌ಪೆಕ್ಟರು ಸುಮ್ಮನೆ ಒಂದು ತುತ್ತು ರುಚಿ ನೋಡಿ, ಮೇಜು ಅಲುಗಾಡುತ್ತದೆಯೇ ಎಂದು ಪರೀಕ್ಷಿಸುವ ನೆಪದಲ್ಲಿ ಇನ್ನೊಂದು ತುತ್ತು ನುಂಗಿದರು. ಆಮೇಲೆ ಗಂಭೀರವಾಗಿ, ಅಡುಗೆಮನೆ ಇದೆ ಎಂದು ಬರೆದುಕೊಂಡರು.

ಇನ್ನು ವಿಮೆ. ವಿಮೆ ಕಚೇರಿಯ ಹುಡುಗಿ ಲಾರಿ ಅನ್ನುವ ಮಾತು ಕೇಳಿದ್ದೇ ರೂಢಿಯಂತೆ, "ಹಿಂದೆ ಏನು ಲೋಡ್ ಹಾಕ್ತೀರಾ ಸರ್?" ಅಂದಳು.

"ನಮ್ಮನೆಯೋರ್ನ."

ಹುಡುಗಿ ಪೆನ್ನು ಕೆಳಗಿಟ್ಟಳು. ನಾನು ಎಲ್ಲ ವಿವರಿಸಿದ ಮೇಲೆ ಮತ್ತೆ ಎತ್ತಿಕೊಂಡು, "ಬಾಡಿಗೆಗೆ ಬಿಡ್ತೀರಾ?" ಅಂದಳು.

"ಸಂಸಾರನ ಯಾರಾದ್ರೂ ಬಾಡಿಗೆಗೆ ಬುಡ್ತಾರೇನವ್ವ?" ಅಂದರು ಮಾವ. ಇಂಥ ಗಿರಾಕಿಗೆ ಯಾವ ಪಾಲಿಸಿ ಕೊಡುವುದೆಂದು ಆಕೆ ಒಳಗೆ ಹೋಗಿ ಮ್ಯಾನೇಜರನ್ನೇ ಕರೆತಂದಳು. ಅಂತೂ ಮಾವ ಅಲ್ಲಿಂದ ಹೊರಬಿದ್ದಾಗ ಲಾರಿಯೊಳಗೆ ಮಲಗುವ ಮನುಷ್ಯರಿಗೂ ರಕ್ಷಣೆ ಇತ್ತು.

ಕಾಗದಪತ್ರ ಸರಿಯಾಯಿತಲ್ಲ, ಹೊರಡಬಹುದಿತ್ತು. ಹೊರಟರೆ ಅವರು ನಮ್ಮ ಮಾವ ಹೇಗಾದಾರು? ಮನೆ ಅಂದಮೇಲೆ ಹಾಲುಕ್ಕಿಸದೆ ಹೊಗುವುದುಂಟೆ! ಪುರೋಹಿತರು ಬಂದು ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದರು.

"ಯಾವ್ ಕಡೀಕ್ ಬೇಕು ಯೋಳಿ ಸ್ವಾಮಿ, ತಿರುಗುಸ್ತೀನಿ," ಎಂದು ಮಾವ ಕೀಲಿ ತೆಗೆದರು. ಅಷ್ಟು ಸಲೀಸಾದ ವಾಸ್ತು ಪುರೋಹಿತರ ಜೀವಮಾನದಲ್ಲೇ ಸಿಕ್ಕಿರಲಿಲ್ಲವಂತೆ. ತೊಂದರೆ ಬಂದದ್ದು ಮೊದಲು ಮನೆ ಹೊಗಬೇಕಾದ ಹಸುವಿನಿಂದ. ಹಲಗೆ ಇಟ್ಟರೂ ಅದು ಜಪ್ಪಯ್ಯ ಅಂದರೂ ಹತ್ತಲೊಲ್ಲದು. ಲಾರಿ ಹತ್ತಿದರೆ ಸಂತೆಗೇ ಹೋಗುವುದು ಎಂದು ಅದು ತಿಳಿದಿದ್ದರೆ ತಪ್ಪೇನು? ಕೊನೆಗೆ ಮುಂಗಾಲು ಹಲಗೆಗೆ ಮುಟ್ಟಿದ್ದನ್ನೇ ಪ್ರವೇಶ ಎಂದು ಪುರೋಹಿತರು ದೊಡ್ಡ ಮನಸ್ಸು ಮಾಡಿದರು.

ಹೊರಟೆವು. ಕೆ.ಎಂ. ದೊಡ್ಡಿ ದಾಟಿತು, ಮಳವಳ್ಳಿ ದಾಟಿತು, ಅಕ್ಕನ ಮನೆಯ ಮುಂದೆ ಲಾರಿ ನಿಂತಿತು. ಅಕ್ಕ ಕೋಲೂರಿಕೊಂಡು ಬಂದರು. ಒಳಗೆ ಹತ್ತಲು ಮಂಡಿ ಬಿಡದು. ಅತ್ತೆಗೆ ಅವತ್ತು ದಾರಿಯ ಕುಲುಕಾಟಕ್ಕೆ ಎದ್ದು ನಿಲ್ಲುವುದೂ ಆಗಲಿಲ್ಲ. ಮಾವ ಮಂಚದ ಮೇಲೆ ತಾವೇ ಮಲಗಿ ಅಳತೆ ನೋಡಿ, ದಿಂಬಿನ ಮಟ್ಟಕ್ಕೆ ಕಿಟಕಿ ಕೊರೆಸಿದ್ದರು. ಆದರೆ ಹೊರಗೆ ನಿಂತವರಿಗೆ ಅದು ಎತ್ತರ! ಅತ್ತೆ ಕಿಟಕಿಗೆ ಮುಖ ಒತ್ತಿ, "ಅಯ್ಯೋ, ಅಕ್ಕನ ಬೈತಲೆ ಮಾತ್ರ ಕಾಣ್ತದೆ," ಎಂದು ಅಳುವ ಹಾಗಾದರು.

ಮಾವ ಮತ್ತೆ ಕ್ಯಾಬಿನ್ ಹತ್ತಿದರು. ಅಕ್ಕನ ಮನೆಯ ಜಗಲಿ ಎತ್ತರದ್ದು. ಅದರ ಅಂಚಿಗೆ ಲಾರಿಯ ಮಗ್ಗುಲು ತಾಗಿಸುವುದು ಅವರ ಲೆಕ್ಕ. ಎಲೆ ಜಗಿಯುತ್ತ ಒಂದೇ ಕೈಯಲ್ಲಿ ಕಬ್ಬಿನ ಲೋಡನ್ನು ರಿವರ್ಸ್ ಹೊಡೆಯುತ್ತಿದ್ದ ಮನುಷ್ಯ ಅವತ್ತು ಬೆವರಿಳಿಸುತ್ತ ಮುಂದೆ, ಹಿಂದೆ, ಮತ್ತೆ ಮುಂದೆ ಸರಿಸಿದರು. ಮನೆಯ ಗಿಡ್ಡ ಮೆಟ್ಟಿಲಲ್ಲಿ ಕೈಹಿಡಿದು ಹತ್ತಿಸಿ, ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿದ ಅಕ್ಕನ ಮುಖಕ್ಕೆ ತಂಗಿಯ ಮುಖ ಸರಿಯಾಗಿ ಎದುರಾದಾಗ ಎಂಜಿನ್ ನಿಂತಿತು.

ಅಕ್ಕ ಕಿಟಕಿಯೊಳಗೆ ಕೈ ಹಾಕಿ ತಂಗಿಯ ಕೆನ್ನೆ ಸವರಿದರು. ತಂಗಿ ಆ ಕೈಯನ್ನು ಹಿಡಿದುಕೊಂಡರು. ಆಮೇಲೆ ಶುರುವಾಯಿತು ನೋಡಿ, ಯಾರು ಯಾರನ್ನು ಮರೆತದ್ದು, ಯಾರು ಮೊದಲು ಬರಬೇಕಿತ್ತು ಎಂದು!

ನಾನು ಮುಂದಕ್ಕೆ ಹೋದೆ. ಮಾವ ಇನ್ನೂ ಇಳಿದಿರಲಿಲ್ಲ. ಸ್ಟೇರಿಂಗ್ ಮೇಲೆ ಹಣೆಯಿಟ್ಟು ಕೂತಿದ್ದರು.

"ಏನಂತಾವ್ರಲಾ?" ಅಂದರು.

"ಜಗಳ ಆಡ್ತಾವ್ರೆ ಮಾವ."

"ಆಡ್ಲಿ ಬುಡು." ತಲೆ ಎತ್ತಲಿಲ್ಲ, ದನಿ ಒದ್ದೆಯಾಗಿತ್ತು. "ಮುಖ ನೋಡ್ಕಂಡ್ ಆಡ್ತಾವ್ರಲ್ಲ."